ಮಿಲಿಟರಿಗೆ ಹೊರಟ ಮಗ: ಯಾವ ಬಾಗಿಲು ಮೊದಲು?

ಈ ವಾರ ಮಸ್ಕಿಯಿಂದ ಗೃಹಿಣಿಯೊಬ್ಬರ ಪತ್ರ ಬಂದಿದೆ. ನಾಲ್ಕು ಪುಟ. ಯಜಮಾನರದು ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಅಂಗಡಿ. ಮಗ ಬಿ.ಎ. ಕೊನೆಯ ವರ್ಷ, 20 ತುಂಬಿದೆ. ‘ಮಿಲ್ಟ್ರಿಗೇ ಹೋಗ್ತೀನಿ ಅಂತ ಹಟ ಹಿಡಿದಾನ್ರಿ. ಅವರಪ್ಪ, ಯಾವುದು ಮೊದಲು ಸಿಗ್ತದೋ ಅದಕ್ಕ ಹೋಗು ಅಂತಾರ. ನನ್ನ ತಮ್ಮ, ಡಿಗ್ರಿ ಓದಿ ಸಿಪಾಯಿ ಆಗ್ತಾರೇನು, ಆಫೀಸರ್ ಪರೀಕ್ಷೆ ಬರೀಲಿ ಅಂತಾನ. ನಾ ಯಾರ ಮಾತು ಕೇಳ್ಲಿ?’ ಎಂದು ಕೇಳಿದ್ದಾರೆ.

ಇಂಥ ಗೊಂದಲ ಒಂದು ಮನೆಯದಲ್ಲ. ಅದಕ್ಕೇ ಉತ್ತರವನ್ನು ಪ್ರಶ್ನೋತ್ತರದ ಮೂಲೆಗೆ ಹಾಕದೆ ಇಲ್ಲೇ ಬರೆಯುತ್ತಿದ್ದೇವೆ.

ಅಮ್ಮಾ, ಮೊದಲು ನಿಮ್ಮ ತಮ್ಮನ ಮಾತನ್ನು ಪಕ್ಕಕ್ಕಿಡಿ. ಡಿಗ್ರಿ ಓದಿದವನು ಸಿಪಾಯಿ ಆದರೆ ಅವಮಾನ ಅನ್ನುವುದು ಸುಳ್ಳು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಲುಕಿ ಜೀವಂತ ಸಿಕ್ಕಿದ, ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಆಫೀಸರ್ ಆಗಿರಲಿಲ್ಲ, ಲ್ಯಾನ್ಸ್ ನಾಯಕ್. ಅವತ್ತು ಇಡೀ ನಾಡು ಅವನಿಗಾಗಿ ದೇವರಿಗೆ ದೀಪ ಹಚ್ಚಿತ್ತು. 2023ರ ನವೆಂಬರಿನಲ್ಲಿ ರಜೌರಿಯಲ್ಲಿ ಪ್ರಾಣ ಕೊಟ್ಟ ಎಂ.ವಿ. ಪ್ರಾಂಜಲ್ ಕ್ಯಾಪ್ಟನ್. ಗುಂಡು ಭುಜದ ಪಟ್ಟಿ ನೋಡಿ ಬರುವುದಿಲ್ಲ. ನಿಮ್ಮ ನಾಲ್ಕು ಪುಟದಲ್ಲಿ ಈ ಭಯದ ಬಗ್ಗೆ ಒಂದು ಸಾಲೂ ಇಲ್ಲ. ಬರೆಯಲು ಕೈ ಬರಲಿಲ್ಲವೇನೋ. ಮಗನ ಹತ್ತಿರವಾದರೂ ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಿ, ಅವನೂ ಕೇಳಿಸಿಕೊಳ್ಳಲಿ.

ಇನ್ನು ಯಜಮಾನರ ಮಾತು. ‘ಯಾವುದು ಮೊದಲು ಸಿಗ್ತದೋ ಅದಕ್ಕೆ ಹೋಗು.’ ಕೇಳಲು ವ್ಯವಹಾರದ ಮಾತಿನ ಹಾಗೇ ಇದೆ. ತೊಂದರೆ ಇರುವುದೇ ಇಲ್ಲಿ. ಈ ಎರಡು ಬಾಗಿಲುಗಳಲ್ಲಿ ಒಂದು ಬೇಗ ಮುಚ್ಚುತ್ತದೆ, ಇನ್ನೊಂದು ತಡವಾಗಿ. ಬೇಗ ಮುಚ್ಚುವುದರೊಳಗೆ ನುಗ್ಗಿದರೆ ಹೊರಗೆ ಬರುವಷ್ಟರಲ್ಲಿ ಇನ್ನೊಂದೂ ಮುಚ್ಚಿರುತ್ತದೆ.

ಹೇಗೆ ಅಂತೀರಾ? 2022ರ ಜೂನಿನಲ್ಲಿ ಅಗ್ನಿಪಥ ಯೋಜನೆ ಬಂತಲ್ಲ, ಅಂದಿನಿಂದ ಸಿಪಾಯಿಯಾಗಿ ಸೇರುವವರು ಅಗ್ನಿವೀರರು. ಯೋಜನೆ ಶುರುವಾದಾಗ ಇಟ್ಟ ವಯಸ್ಸು ಹದಿನೇಳೂವರೆಯಿಂದ 21. ಆ ಒಂದು ವರ್ಷ ಮಾತ್ರ 23ರ ತನಕ ಸಡಿಲಿಸಿದ್ದರು. ಪ್ರತಿ ವರ್ಷದ ಪ್ರಕಟಣೆಯಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದೊಳಗೆ ಹುಟ್ಟಿರಬೇಕು ಅಂತ ಇರುತ್ತದೆ. ಪಕ್ಕದ ಮನೆಯವರು ಹೇಳಿದ್ದನ್ನು ನಂಬಬೇಡಿ, ಹತ್ತನೇ ತರಗತಿಯ ಅಂಕಪಟ್ಟಿ ಎದುರಿಗಿಟ್ಟು ಅದನ್ನೇ ಓದಿ. ಸೇವೆ ನಾಲ್ಕು ವರ್ಷ. ತೀರಾ ಅನಿವಾರ್ಯ ಕಾರಣವಿಲ್ಲದೆ ನಡುವೆ ಬಿಟ್ಟು ಬರುವ ಹಾಗಿಲ್ಲ, ಮದುವೆ ಆಗುವ ಹಾಗೂ ಇಲ್ಲ. ನೂರಕ್ಕೆ 25ರಷ್ಟು ಜನರನ್ನು ಮಾತ್ರ ಮುಂದೆ ಕಾಯಂ ಮಾಡಿಕೊಳ್ಳುತ್ತಾರೆ. ನಿಮ್ಮ ಮಗ 20–21ಕ್ಕೆ ಸೇರಿದರೆ ಹೊರಗೆ ಬರುವಾಗ 24–25. ಡಿಗ್ರಿ ಮುಗಿಸಿದವರು ಆಫೀಸರ್ ಆಗಲು ಬರೆಯುವ ಸಿಡಿಎಸ್ ಪರೀಕ್ಷೆಗೆ ಡೆಹ್ರಾಡೂನಿನ ಅಕಾಡೆಮಿಗಾದರೆ 24, ಚೆನ್ನೈನ ಅಕಾಡೆಮಿಗಾದರೆ 25 ಕಡೆಯ ಮಿತಿ. ಅಲ್ಲಿಗೆ ಮುಗೀತಲ್ಲ!

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇವೆ, ಸಂಸಾರದಲ್ಲಿ ಅದೇನು ಸಣ್ಣ ಮಾತಲ್ಲ. ಯೋಜನೆ ಘೋಷಿಸಿದಾಗಿನ ಪ್ರಕಾರ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000, ಕೈಗೆ ಬರುವುದು 21,000. ನಾಲ್ಕನೇ ವರ್ಷ 40,000, ಕೈಗೆ 28,000. ಹಿಡಿದುಕೊಂಡಿದ್ದಕ್ಕೆ ಸರ್ಕಾರವೂ ಅಷ್ಟೇ ಸೇರಿಸಿ ಕೊನೆಗೆ ಬಡ್ಡಿಸಹಿತ ಸುಮಾರು 11.71 ಲಕ್ಷ ಕೊಡುತ್ತದೆ. ಈ ನಾಲ್ಕು ವರ್ಷಕ್ಕೆ ಪಿಂಚಣಿಯಾಗಲಿ ಗ್ರಾಚ್ಯುಟಿಯಾಗಲಿ ಇಲ್ಲ. ಆಫೀಸರ್ ಆದವನಿಗೆ ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನವೇ 56,100, ಭತ್ಯೆಗಳು ಬೇರೆ. ಆದರೆ ಚೆನ್ನೈ ದಾರಿಯಲ್ಲಿ ಹೋದರೆ ಹತ್ತು ವರ್ಷ, ಹೆಚ್ಚೆಂದರೆ ಹದಿನಾಲ್ಕು. ಕಾಯಂ ಕಮಿಷನ್ ಸಿಕ್ಕದಿದ್ದರೆ ಅವರಿಗೂ ಪಿಂಚಣಿ ಇಲ್ಲ. ಇದನ್ನು ಯಾರೂ ಹೇಳುವುದಿಲ್ಲ ನೋಡಿ.

ಹಾಗಾದರೆ ಎಲ್ಲರೂ ಆಫೀಸರ್ ದಾರಿಯನ್ನೇ ಯಾಕೆ ಹಿಡಿಯುವುದಿಲ್ಲ? ನಮ್ಮ ಕಡೆಯ ಮಕ್ಕಳಿಗೆ ಅಡ್ಡ ನಿಲ್ಲುವುದು ಇಂಗ್ಲಿಷ್. ಅಗ್ನಿವೀರ ಪರೀಕ್ಷೆಯನ್ನು 2025ರಿಂದ ಕನ್ನಡದಲ್ಲೂ ಬರೆಯಬಹುದು. ಸಿಡಿಎಸ್‌ಗೆ ಇಂಗ್ಲಿಷಿನದೇ ಒಂದು ಪತ್ರಿಕೆ, ಉಳಿದ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡ ಮಾಧ್ಯಮದ ಹುಡುಗ ಅರ್ಜಿ ನೋಡಿಯೇ ‘ಇದು ನಮ್ಮಂಥೋರಿಗಲ್ಲ’ ಅಂದುಬಿಡುತ್ತಾನೆ. ಮಸ್ಕಿಯಲ್ಲಿದ್ದು ಹಾಗನ್ನಬಾರದು! 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ನಿಮ್ಮೂರಲ್ಲೇ ಇದೆ. ಇದು ದೊಡ್ಡವರಿಗೆ ಮಾತ್ರ ಆಗುವಂಥದ್ದಲ್ಲ, ಸಣ್ಣವರಿಗೂ ಆಗುತ್ತದೆ ಅನ್ನುವ ಮಾತು ಅದರಲ್ಲಿದೆ. ಅವನು ಹೇಳಿದ್ದು ಧರ್ಮದ ವಿಷಯ, ನಾವು ಪರೀಕ್ಷೆಗೆ ಎಳೆದುಕೊಂಡೆವು, ಅಷ್ಟೇ.

ಬಿ.ಎ. ಹುಡುಗನಿಗೆ ಒಂದು ಅನುಕೂಲವೂ ಇದೆ. ಚೆನ್ನೈ ಅಕಾಡೆಮಿಯನ್ನಷ್ಟೇ ಆರಿಸಿಕೊಂಡರೆ ಗಣಿತದ ಪತ್ರಿಕೆ ಬರೆಯಬೇಕಿಲ್ಲ. ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಎರಡೇ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು, ಶುಲ್ಕ 200 ರೂಪಾಯಿ. ಕಾಲೇಜಿನಲ್ಲಿ ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಪಡೆದು ಡಿಗ್ರಿಯಲ್ಲಿ ಅರ್ಧದಷ್ಟು ಅಂಕ ಇದ್ದವರಿಗೆ ಲಿಖಿತ ಪರೀಕ್ಷೆಯೇ ಇಲ್ಲದ ಪ್ರವೇಶವೂ ಇದೆ. ಮಗನ ಹತ್ತಿರ ಆ ಸರ್ಟಿಫಿಕೇಟ್ ಇದೆಯೋ ಇಲ್ಲವೋ ನೀವು ಬರೆದಿಲ್ಲ, ಇವತ್ತೇ ಕೇಳಿ.

ಆಮೇಲೆ ಎಸ್ಎಸ್‌ಬಿ ಎಂಬ ಐದು ದಿನದ ಸಂದರ್ಶನ. ಬೆಂಗಳೂರಿನಲ್ಲೂ ಒಂದು ಕೇಂದ್ರ ಇದೆ. ಇಲ್ಲಿ ಪುಸ್ತಕದ ಬದನೆಕಾಯಿ ನಡೆಯುವುದಿಲ್ಲ. ಒಂದೊಂದೇ ಪದ ತೋರಿಸುತ್ತಾರೆ, ಒಟ್ಟು 60. ಒಂದೊಂದಕ್ಕೂ ಹದಿನೈದು ಸೆಕೆಂಡಿನಲ್ಲಿ ತೋಚಿದ್ದನ್ನು ವಾಕ್ಯವಾಗಿ ಬರೆಯಬೇಕು. ಚಿತ್ರ ನೋಡಿ ಕಥೆ ಬರೆಯಬೇಕು. ಗುಂಪಿನಲ್ಲಿ ಹಗ್ಗ, ಹಲಗೆ ಹಿಡಿದು ಅಡ್ಡಿ ದಾಟಬೇಕು. ಮನೆಯಲ್ಲಿ ಅಂಗಡಿ ಲೆಕ್ಕ ನೋಡಿದವನು, ಗಿರಾಕಿ ಸಂಭಾಳಿಸಿದವನು ಇಲ್ಲಿ ಸುಮ್ಮನೆ ನಿಲ್ಲುವವನಲ್ಲ. ‘ಸೆಲೆಕ್ಷನ್ ಗ್ಯಾರಂಟಿ’ ಅಂತ ಲಕ್ಷ ಕೇಳುವವರ ಹತ್ತಿರ ಮಾತ್ರ ಹೋಗಬೇಡಿ. ಆ ದುಡ್ಡಿನಲ್ಲಿ ಎರಡು ವರ್ಷ ಇಂಗ್ಲಿಷ್ ಪೇಪರ್ ತರಿಸಿ, ದಿನಾ ಅರ್ಧ ಗಂಟೆ ಜೋರಾಗಿ ಓದಿಸಿ. ನಿಮಗೆ ಅರ್ಥವಾಗದಿದ್ದರೂ ಎದುರಿಗೆ ಕೂತು ಕೇಳಿ.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಮೊದಲ ದಿನದ ಜರಡಿಯಲ್ಲಿ ಬಿದ್ದವರನ್ನು ಅವತ್ತೇ ವಾಪಸ್ ಕಳಿಸುತ್ತಾರೆ. ರಾತ್ರಿ ಬಸ್ಸಿಗೆ ಹೊರಟ ಮಗ ಮರುದಿನ ಬೆಳಗ್ಗೆ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಾಗ ‘ಏನಾಯ್ತೋ?’ ಅಂತ ಹೊಸ್ತಿಲಲ್ಲೇ ಕೇಳಬೇಡಿ. ಮುಖ ತೊಳೆಯಲಿ, ಎರಡು ರೊಟ್ಟಿ ತಿನ್ನಲಿ. ಮೂರು ನಾಲ್ಕು ಸಲ ಹೀಗೆ ಬಂದು ಆಮೇಲೆ ಗೆದ್ದವರು ಎಷ್ಟೋ ಜನ.

ಈಗ ನಮ್ಮ ಮಾತು ಇಷ್ಟು. ಮನೆ ಇನ್ನು ಮೂರು ವರ್ಷ ಅವನ ಸಂಬಳ ಇಲ್ಲದೆ ನಡೆಯುತ್ತದೆ ಅನ್ನುವುದಾದರೆ ಆಫೀಸರ್ ಪರೀಕ್ಷೆಗೇ ಮೊದಲು ಕೂರಿಸಿ. ಜೊತೆಗೆ ಬೇರೆ ಕೆಲಸದ ಅರ್ಜಿಗಳೂ ಹೋಗುತ್ತಿರಲಿ. ಅಂಗಡಿ ಮೇಲೆ ಸಾಲ ಇದೆ, ಈ ವರ್ಷವೇ ಒಂದು ದುಡಿಮೆ ಬೇಕು ಅನ್ನುವುದಾದರೆ, ವಯಸ್ಸು ಮೀರುವುದರೊಳಗೆ ಅಗ್ನಿವೀರನಾಗಲಿ. ಡಿಗ್ರಿ ಮಾತ್ರ ಅರ್ಧಕ್ಕೆ ಬಿಡಬಾರದು. ನಾಲ್ಕು ವರ್ಷದ ಮೇಲೆ ಊರಿಗೆ ಮರಳಿದರೆ ಅವನ ಕೈಹಿಡಿಯುವುದು ಅದೇ. ರಾಯಚೂರು ಜಿಲ್ಲೆಯವರಿಗೆ ಬೆಳಗಾವಿಯ ಸೇನಾ ನೇಮಕಾತಿ ಕಚೇರಿ. ಮೊದಲು ಕಂಪ್ಯೂಟರ್ ಪರೀಕ್ಷೆ, ಪಾಸಾದವರಿಗಷ್ಟೇ ಓಟ. ಯಾವ ದಾರಿಯಾದರೂ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ ಬನ್ನಿ. ಬಣ್ಣ ಗುರುತಿಸುವ ದೋಷ ಇದ್ದರೆ ಈಗಲೇ ಗೊತ್ತಾಗುವುದು ಒಳ್ಳೆಯದು.

ಕೊನೆಯ ಪುಟದ ತುದಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ: ‘ಮಗಳು ಎರಡನೇ ಪಿಯುಸಿ. ಅಣ್ಣನಕಿಂತ ಜೋರು ಓಡ್ತಾಳ.’ ಇದನ್ನು ಮೊದಲ ಪುಟದಲ್ಲಿ ಬರೆಯಬಾರದಿತ್ತೇ? ಸುಪ್ರೀಂ ಕೋರ್ಟ್ ಆದೇಶದ ಮೇಲೆ ಪುಣೆ ಹತ್ತಿರದ ಎನ್‌ಡಿಎ 2022ರಿಂದ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದೆ. ಮೊದಲ ತಂಡದ 17 ಹುಡುಗಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು, ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಶುಲ್ಕವೂ ಇಲ್ಲ. ಭೂಸೇನೆಗಾದರೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ, ಆದರೆ ಗಣಿತದ ಪತ್ರಿಕೆ ಎಲ್ಲರೂ ಬರೆಯಲೇಬೇಕು. ಅವಳು ಆರ್ಟ್ಸ್ ತಗೊಂಡಿದ್ದರೆ ಅಟ್ಟದ ಮೇಲಿರುವ ಹತ್ತನೇ ತರಗತಿಯ ಗಣಿತ ಪುಸ್ತಕವನ್ನು ಈ ಭಾನುವಾರವೇ ಕೆಳಗಿಳಿಸಿ ಕೊಡಿ.