ಕೆಲಸ ಬಿಟ್ಟು ಬಂದವನ ಮುಂದೆ ನಮ್ಮ ಪಂಚಾಯಿತಿ

ನಮ್ಮ ಮೊಹಲ್ಲಾದ ಹುಡುಗನೊಬ್ಬ ಬೆಂಗಳೂರಿನ ಕೆಲಸ ಬಿಟ್ಟು ದಾವಣಗೆರೆಗೆ ವಾಪಸು ಬಂದ ಮೂರನೆಯ ದಿನ ಅವನ ಮನೆಯ ಪಡಸಾಲೆಯಲ್ಲಿ ಒಂದು ಪಂಚಾಯಿತಿ ಸೇರಿತು. ಕರೆದವರು ಯಾರೂ ಇಲ್ಲ. ಇಂಥ ಪಂಚಾಯಿತಿಗೆ ಸುದ್ದಿಯೊಂದೇ ಸಾಕು. ಮಗ್ರಿಬ್ ನಮಾಜು ಮುಗಿಸಿ ಬಂದ ಇಬ್ಬರು ಹಿರಿಯರು, ಎದುರು ಮನೆಯ ನಿವೃತ್ತ ಮೇಷ್ಟ್ರು, ಹುಡುಗನ ಮಾಮು, ಮತ್ತು ನಾವು. ಚಹಾ ಬಂತು. ಹುಡುಗನ ತಾಯಿ ಬಾಗಿಲ ಪರದೆಯ ಹಿಂದೆ ನಿಂತರು. "ನೋಡಪ್ಪಾ, ಇನ್ನೊಂದು ಕೆಲಸ ಕೈಯಾಗೆ ಇಟ್ಕಂಡು ಇದನ್ನ ಬಿಡಬೇಕಿತ್ತು" ಎಂದು ಮೇಷ್ಟ್ರು ಶುರು ಮಾಡಿದರು. ಉಳಿದವರು ತಲೆದೂಗಿದರು. ನಾವೂ ತಲೆದೂಗಿದೆವು. ಆ ತಪ್ಪೊಪ್ಪಿಗೆಯಿಂದಲೇ ಈ ಲೇಖನ ಆರಂಭವಾಗಬೇಕು.

ಒಂದು ಗಂಟೆ ಹೊತ್ತು ಮಾತು ನಡೆಯಿತು. ಈಗಿನ ಹುಡುಗರಿಗೆ ತಾಳ್ಮೆಯಿಲ್ಲ ಎಂದಾಯಿತು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದಾಯಿತು. ಆದರೆ ಆ ಹುಡುಗ ಅಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. "ಬೆಂಗಳೂರು, ಕಂಪನಿ, ಇಪ್ಪತ್ತೆರಡು ಸಾವಿರ" ಎಂಬ ಮೂರು ಮಾತಿನ ಆಚೆಗೆ ನಮಗೆ ಏನೂ ಗೊತ್ತಿರಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಗಲ್ಲಿಯ ತುದಿಯವರೆಗೆ ನಮ್ಮ ಜೊತೆ ನಡೆದು ಬಂದ ಹುಡುಗ ತಾನಾಗಿಯೇ ಹೇಳಿದ.

ಅವನದು ಸಾಲ ವಸೂಲಿಯ ಕೆಲಸ. ಫೋನಿನಲ್ಲಿ. ಮೊಬೈಲ್ ಆ್ಯಪ್‌ಗಳಲ್ಲಿ ಐದು ಸಾವಿರ, ಹತ್ತು ಸಾವಿರ ಸಾಲ ಪಡೆದು ಕಂತು ತಪ್ಪಿಸಿದವರಿಗೆ ದಿನಕ್ಕೆ ಇನ್ನೂರು ಕರೆ ಮಾಡಬೇಕು. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡಕೂಡದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲೇ ಹೇಳಿದೆ. ಇವನಿಂದ ರಾತ್ರಿ ಒಂಬತ್ತರವರೆಗೆ ಮಾಡಿಸುತ್ತಿದ್ದರು. ಸಾಲಗಾರ ಎತ್ತದಿದ್ದರೆ ಅವನ ಅಕ್ಕನಿಗೆ, ಅತ್ತೆಗೆ, ಅಂಗಡಿ ಮಾಲೀಕನಿಗೆ. "ಒಂದಿನ ಹಾವೇರಿ ಕಡೆಯ ಒಬ್ಬ ಹೆಂಗಸು ಅತ್ತುಬಿಟ್ಟರು ಚಾಚಾ. ಧ್ವನಿ ನಮ್ಮ ಅಮ್ಮಿಯದೇ ಇದ್ದಂಗಿತ್ತು. ಅಳ್ತಾ ಇದ್ದಾಗ ಫೋನ್ ಇಡಬಾರದು ಅಂತ ನಮಗೆ ಹೇಳಿಕೊಟ್ಟಿದ್ರು" ಎಂದ. ಮಾರನೆಯ ದಿನ ರಾಜೀನಾಮೆ ಕೊಟ್ಟ.

ಸಾಲದ ಕಿರುಕುಳಕ್ಕೆ ಜನ ಊರು ಬಿಡುವುದು, ಜೀವ ಕಳೆದುಕೊಳ್ಳುವುದು ಹೆಚ್ಚಿದಾಗ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆಗ ನಾವೆಲ್ಲ ಪತ್ರಿಕೆ ಓದಿ ವಸೂಲಿಗಾರರಿಗೆ ಶಾಪ ಹಾಕಿದವರೇ. ಆ ವಸೂಲಿಗಾರರಲ್ಲೊಬ್ಬ ಕೆಲಸ ಬಿಟ್ಟು ನಮ್ಮ ಮುಂದೆ ತಲೆತಗ್ಗಿಸಿ ಕುಳಿತಾಗ "ಇನ್ನೊಂದು ಸಿಗುವವರೆಗೆ ತಡೆಯಬೇಕಿತ್ತು" ಎಂದೆವು. ಹಾಗೆಂದರೇನು? ಇನ್ನೂ ಮೂರು ತಿಂಗಳು ಇನ್ನಷ್ಟು ತಾಯಂದಿರನ್ನು ಅಳಿಸಬೇಕಿತ್ತು ಎಂದೇ? ಹಲಾಲ್ ದುಡಿಮೆಯ ಬಗ್ಗೆ ಶುಕ್ರವಾರದ ಪ್ರವಚನ ಕೇಳಿ ಕಣ್ಣೊರೆಸಿಕೊಳ್ಳುವ ನಮಗೆ ಶನಿವಾರ ಮನೆಬಾಗಿಲಿಗೆ ಅದೇ ಪ್ರಶ್ನೆ ಬಂದಾಗ ಕಂಡದ್ದು ಇಪ್ಪತ್ತೆರಡು ಸಾವಿರ ಮಾತ್ರ.

ಬೇರೆ ಕೆಲಸ ಗೊತ್ತುಮಾಡಿಕೊಂಡು ಬಿಡಬೇಕೆಂಬ ಮಾತು ಸುಳ್ಳಲ್ಲ. ಸಾಮಾನ್ಯ ಬೇಸರಕ್ಕೆ, ಸಂಬಳ ಸಾಲದ್ದಕ್ಕೆ, ಮೇಲಧಿಕಾರಿಯ ಗೊಣಗಾಟಕ್ಕೆ ಅದೇ ಸರಿಯಾದ ಮಾತು. ನಮ್ಮ ತಕರಾರು ಇರುವುದು ಅದನ್ನು ಎಲ್ಲ ಕಾಯಿಲೆಗೂ ಒಂದೇ ಕಷಾಯದಂತೆ ಕುಡಿಸುವುದಕ್ಕೆ. ಹತ್ತು ಗಂಟೆ ದುಡಿದು ಜ್ವರ ಹಿಡಿದವನಿಗೆ, ದಿನವೂ ಬೈಗುಳ ತಿಂದು ನಿದ್ದೆ ಕಳೆದುಕೊಂಡವಳಿಗೆ, ಮಾಡಬಾರದ್ದನ್ನು ಮಾಡಿಸಿಕೊಳ್ಳುತ್ತಿರುವವರಿಗೆ ಬೇರೆ ಕೆಲಸ ಹುಡುಕಲು ಬೇಕಾದ ಹೊತ್ತೂ ಚೈತನ್ಯವೂ ಆ ಕೆಲಸವೇ ನುಂಗಿಬಿಟ್ಟಿರುತ್ತದೆ. ಅಂಥವರಿಗೆ ಮೊದಲು ಹೊರಗೆ ಬರಬೇಕು, ಆಮೇಲೆ ಹುಡುಕಬೇಕು.

ಅಂದು ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಹುಡುಗನ ಮಾಮು. ಅವರು ಸೌದಿಯಲ್ಲಿ ಹನ್ನೊಂದು ವರ್ಷ ಒಂದು ಮನೆಯ ಡ್ರೈವರ್ ಆಗಿದ್ದವರು. ಎರಡನೆಯ ವರ್ಷವೇ ಬಿಟ್ಟುಬರಬೇಕೆಂದಿದ್ದರು. ಪಾಸ್‌ಪೋರ್ಟು ಕಫೀಲನ ಕಪಾಟಿನಲ್ಲಿತ್ತು. ಅವನ ಒಪ್ಪಿಗೆಯಿಲ್ಲದೆ ಬೇರೆ ಕೆಲಸವೂ ಇಲ್ಲ, ಊರಿಗೆ ದಾರಿಯೂ ಇಲ್ಲ. ಸೌದಿ ಅರೇಬಿಯಾ 2021ರ ಮಾರ್ಚಿನಲ್ಲಿ ಈ ನಿಯಮಗಳನ್ನು ಸಡಿಲಿಸಿದಾಗಲೂ ಮನೆಗೆಲಸದವರನ್ನು, ಮನೆಯ ಡ್ರೈವರುಗಳನ್ನು ಆ ಸುಧಾರಣೆಯಿಂದ ಹೊರಗೇ ಇಟ್ಟಿತು. ಮಾಮು ತಂಗಿಯ ಮದುವೆ ಮಾಡಿದರು, ಮನೆ ಕಟ್ಟಿಸಿದರು, ಸಕ್ಕರೆ ಕಾಯಿಲೆ ಹಚ್ಚಿಕೊಂಡು ಬಂದರು. "ನಾನು ಬಿಟ್ಟೆನಾ?" ಎಂದು ಅವರು ಹುಡುಗನನ್ನು ಕೇಳಿದಾಗ ಅದು ಉಪದೇಶದಂತೆ ಕೇಳಿಸಿತು. ಅದು ಸಂಕಟವೆಂದು ತಿಳಿಯಲು ನಮಗೆ ಆಮೇಲೆ ಹೊತ್ತು ಬೇಕಾಯಿತು. ಬಿಡಲಾಗದವರು ಬಿಟ್ಟವರನ್ನು ಕಂಡು ಸಿಟ್ಟಾಗುತ್ತಾರೆ. ಆದರೆ ನಮ್ಮ ಬೇಡಿಯ ಗುರುತನ್ನು ಮಕ್ಕಳ ಕಾಲಿಗೆ ಅಳತೆ ಮಾಡುವುದು ನ್ಯಾಯವಲ್ಲ.

ಈ ಹುಡುಗನ ಅಜ್ಜನ ವಿಷಯವೂ ನೆನಪಾಗುತ್ತದೆ. ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ನಮ್ಮ ಊರಿನ ಹತ್ತಿ ಗಿರಣಿಯಲ್ಲಿ ಅವರು ಒಂದು ದಿನವೂ ತಡವಾಗಿ ಹೋದವರಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಗ ಮಂಡಕ್ಕಿ ಭಟ್ಟಿ ಸೇರಿದ. ಕೆಲಸಗಾರ ಮಾಲೀಕನನ್ನು ಬಿಟ್ಟರೆ ತಾಳ್ಮೆಯಿಲ್ಲದವನು. ಮಾಲೀಕ ಕೆಲಸಗಾರನನ್ನು ಬಿಟ್ಟರೆ ಅದು ಮಾರುಕಟ್ಟೆ. ಈ ಎರಡು ಅಳತೆಗೋಲು ನಮಗೆ ಯಾರು ಕೊಟ್ಟರು?

ನಾವು ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದವರು. ಉರ್ದುವಿನಲ್ಲಿ ಕೆಲಸ ಬಿಡುವ ಪತ್ರ ಇಸ್ತೀಫಾ. ಅಲ್ಲಿ ರಾಜೀನಾಮಾ ಎಂದರೆ ಎರಡು ಕಡೆಯವರು ರಾಜಿಯಾಗಿ ಬರೆದುಕೊಂಡ ಒಪ್ಪಂದದ ಪತ್ರ. ಅದೇ ಮಾತು ಕನ್ನಡಕ್ಕೆ ಬಂದು ಕೆಲಸ ಬಿಡುವ ಪತ್ರವಾಯಿತು. ಅರ್ಥ ಬದಲಾದರೂ ಬೇರಿನಲ್ಲಿರುವ ಒಪ್ಪಿಗೆ ಹಾಗೇ ಉಳಿದಿದೆ. ಒಪ್ಪಿ ಸೇರಿದವನಿಗೆ ಒಪ್ಪದೆ ಹೊರಬರುವ ಹಕ್ಕು ಇರಲೇಬೇಕು. ಹೊರಬರಲಾಗದ ಕಡೆ ಒಪ್ಪಿಗೆಯೆಂಬುದೇ ಸುಳ್ಳು.

ದೊಡ್ಡವರ ಮಾತು ಬೇರೆಯೇ ಇದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90ಕ್ಕೆ ಏರಿಸಿದರು. ಭಾನುವಾರ ದುಡಿಸಲಾಗುತ್ತಿಲ್ಲವಲ್ಲ ಎಂದು ಕೊರಗಿದರು. ನಡುವೆ 2024ರಲ್ಲಿ ನಮ್ಮ ರಾಜ್ಯದಲ್ಲೇ ಐಟಿ ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾಪ ಬಂದು, ನೌಕರರ ಸಂಘ ಬೀದಿಗಿಳಿಯಬೇಕಾಯಿತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದು ದಿನಕ್ಕೆ 9 ಗಂಟೆ, ವಾರಕ್ಕೆ 48. ಕಾನೂನು ಮೀರಿ ದುಡಿಯಿರಿ ಎಂದವರು ದೇಶ ಕಟ್ಟುವವರಾಗುತ್ತಾರೆ, ಸಾಕು ಎಂದು ಎದ್ದುಬಂದವನು ಸೋಮಾರಿಯಾಗುತ್ತಾನೆ! 2024ರಲ್ಲಿ ಪುಣೆಯಲ್ಲಿ 26 ವರ್ಷದ ಲೆಕ್ಕಪರಿಶೋಧಕಿಯೊಬ್ಬಳು ಕೆಲಸಕ್ಕೆ ಸೇರಿದ ನಾಲ್ಕು ತಿಂಗಳಲ್ಲಿ ತೀರಿಕೊಂಡಾಗ, ವಿಪರೀತ ಕೆಲಸದ ಹೊರೆಯೇ ಮಗಳನ್ನು ನುಂಗಿತೆಂದು ಅವಳ ತಾಯಿ ಕಂಪನಿಗೆ ಬರೆದ ಪತ್ರವನ್ನು ದೇಶವೇ ಓದಿತು. ಆ ಹುಡುಗಿ ಬಿಟ್ಟುಬಂದಿದ್ದರೆ ಅವಳಿಗೂ ನಮ್ಮಂಥ ಪಂಚಾಯಿತಿಯೇ ಕಾದಿರುತ್ತಿತ್ತು.

ಇನ್ನೊಂದು ಬಗೆಯ ಉಪದೇಶಕರಿದ್ದಾರೆ. "ಮನಸ್ಸಿಗೆ ಒಪ್ಪದ್ದನ್ನು ಬಿಟ್ಟುಬಿಡಿ, ಕನಸಿನ ಹಿಂದೆ ಹೋಗಿ" ಎಂದು ವೇದಿಕೆಯಲ್ಲಿ ಕೈ ಬೀಸುವವರು. ಇವರೂ ಅಷ್ಟೇ ಅಪಾಯಕಾರಿ. ಅಪ್ಪನ ಹೆಸರಿನಲ್ಲಿ ಮನೆ ಇರುವವನು ಬಿಡುವುದಕ್ಕೂ ಬಾಡಿಗೆ ಮನೆಯವನು ಬಿಡುವುದಕ್ಕೂ ನೆಲ-ಮುಗಿಲಿನ ಅಂತರ. ಸರ್ಕಾರದ ಆಸರೆಯೂ ಇಲ್ಲ. ಇಎಸ್‌ಐನ ಅಡಿ 2005ರಲ್ಲಿ ಬಂದ ನಿರುದ್ಯೋಗ ಭತ್ಯೆ ಕಾರ್ಖಾನೆ ಮುಚ್ಚಿಯೋ ಕಡಿತಕ್ಕೆ ಸಿಕ್ಕಿಯೋ ಕೆಲಸ ಕಳೆದುಕೊಂಡವರಿಗೆ, ತಾವಾಗಿ ಬಿಟ್ಟವರಿಗಲ್ಲ. ನಮ್ಮ ರಾಜ್ಯ 2024ರ ಜನವರಿಯಲ್ಲಿ ಕೊಡಲು ಆರಂಭಿಸಿದ ಯುವನಿಧಿ ಪದವಿ, ಡಿಪ್ಲೊಮಾ ಮುಗಿಸಿ 180 ದಿನ ಕೆಲಸ ಸಿಗದವರಿಗೆ. ಬಿಟ್ಟು ಬಂದವನ ಕಾಲ ಕೆಳಗೆ ಇರುವ ನೆಲ ಅವನ ಉಳಿತಾಯ ಮತ್ತು ಮನೆಯವರು, ಅಷ್ಟೇ.

ಹುಡುಗಿಯರ ಪಾಡು ಇನ್ನೊಂದು. ಮಗ ಕೆಲಸ ಬಿಟ್ಟರೆ ಅಹಂಕಾರ. ಮಗಳು ಬಿಟ್ಟರೆ "ಒಳ್ಳೆಯದೇ ಆಯಿತು, ಗಂಡು ನೋಡೋಣ." ಯಾಕೆ ಬಿಟ್ಟೆ ಎಂದು ಅವಳನ್ನು ಬೈಯುವುದೂ ಇಲ್ಲ, ಕೇಳುವುದೂ ಇಲ್ಲ. ಆ ಭಯಕ್ಕೇ ಎಷ್ಟೋ ಹುಡುಗಿಯರು ಸಹಿಸಬಾರದ್ದನ್ನು ಸಹಿಸಿಕೊಂಡು ಕುಳಿತಿದ್ದಾರೆ. ಮಗಳ ರಾಜೀನಾಮೆಯನ್ನು ಮದುವೆಯ ಅರ್ಜಿಯೆಂದು ಓದುವ ತಂದೆತಾಯಿಗಳೇ, ಅವಳು ಬಿಟ್ಟದ್ದು ಆ ಕೆಲಸವನ್ನು, ದುಡಿಯುವ ಬದುಕನ್ನಲ್ಲ.

ಹಾಗಾದರೆ ಹುಡುಗನಿಗೆ ಏನು ಹೇಳಬೇಕಿತ್ತು? ಮಾರನೆಯ ದಿನ ನಾವು ಕಾಗದ ಪೆನ್ಸಿಲು ಹಿಡಿದು ಅವನ ಜೊತೆ ಕುಳಿತೆವು. ಉಳಿತಾಯ 48 ಸಾವಿರ. ಮನೆಗೆ ತಿಂಗಳಿಗೆ 6,000, ಬೈಕಿನ ಕಂತು 3,400, ಫೋನು, ಓಡಾಟ 1,600. ಒಟ್ಟು 11 ಸಾವಿರ. ಅಂದರೆ ನಾಲ್ಕು ತಿಂಗಳು ನಿಲ್ಲಬಲ್ಲ. ಒಂದು ಗಂಟೆ ಉಪದೇಶ ಮಾಡಿದ ಐದು ಜನ ದೊಡ್ಡವರಿಗೆ ಹೊಳೆಯದ ಲೆಕ್ಕ ಐದು ನಿಮಿಷದಲ್ಲಿ ಮುಗಿಯಿತು. ಅವನ ಮುಖದಲ್ಲಿ ಮೊದಲ ಬಾರಿಗೆ ಸ್ವಲ್ಪ ಬಣ್ಣ ಬಂತು.

ಆಮೇಲೆ ಕಾಗದಪತ್ರ. ಕೋಪದಲ್ಲಿ ಹೊರಟವರು ಸೋಲುವುದು ಇಲ್ಲಿ. ರಾಜೀನಾಮೆ ಬರಹದಲ್ಲಿ, ತಾರೀಖು ಸಮೇತ ಇರಬೇಕು. ಅದು ತಲುಪಿದ್ದಕ್ಕೆ ಸಾಕ್ಷಿ ಇರಬೇಕು. ನೋಟಿಸಿನ ಅವಧಿ ಎಷ್ಟೆಂದು ನೇಮಕಾತಿ ಪತ್ರದಲ್ಲಿ ನೋಡಬೇಕು. ರಿಲೀವಿಂಗ್ ಲೆಟರ್, ಸಂಬಳದ ಚೀಟಿ ಕೇಳಿ ಪಡೆಯಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ತಾನಾಗಿ ರಾಜೀನಾಮೆ ಕೊಟ್ಟವನಿಗೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಪಿಎಫ್ ಹಣಕ್ಕೆ ಅವಸರದಲ್ಲಿ ಕೈಹಾಕದೆ ಅದೇ ಯುಎಎನ್ ಸಂಖ್ಯೆಯಲ್ಲಿ ಮುಂದಿನ ಕೆಲಸಕ್ಕೆ ವರ್ಗಾಯಿಸುವುದು ಲೇಸು; ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಹೀಗೆಯೇ ಕೂಡುವುದು. ಕಾಯಂ ನೌಕರನಿಗೆ ಐದು ವರ್ಷ ತುಂಬಲು ಸ್ವಲ್ಪವೇ ಉಳಿದಿದ್ದರೆ ಗ್ರಾಚ್ಯುಟಿಯ ಲೆಕ್ಕ ಹಾಕಿ ದಿನ ಗೊತ್ತುಮಾಡಬೇಕು. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ ಎಂಬುದನ್ನು ಮರೆಯಬಾರದು.

ಬಾಂಡಿನ ವಿಷಯದಲ್ಲಿ ಮೈಮರೆವು ಬೇಡ. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಮೂರು ವರ್ಷ ತುಂಬುವ ಮುಂಚೆ ಬಿಟ್ಟ ಅಧಿಕಾರಿಯಿಂದ 2 ಲಕ್ಷ ರೂಪಾಯಿ ಕಟ್ಟಿಸಿಕೊಂಡಿತ್ತು. ಕರ್ನಾಟಕ ಹೈಕೋರ್ಟು ಅದು ತಪ್ಪೆಂದಿತ್ತು. ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಆ ಕರಾರನ್ನು ಎತ್ತಿಹಿಡಿಯಿತು. ಬಾಂಡೆಲ್ಲ ಬರೀ ಬೆದರಿಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಹಿ ಹಾಕುವ ಮುಂಚೆ ಓದಿ.

ಹೊಸ ಕಡೆ ಸಂದರ್ಶನದಲ್ಲಿ ಸುಳ್ಳು ಹೇಳುವುದು ಬೇಡ, ಹಳೆಯವರನ್ನು ಬೈಯುವುದೂ ಬೇಡ. "ಸಾಲ ವಸೂಲಿಗೆ ಮಾಡಿಸುತ್ತಿದ್ದ ರೀತಿ ನನಗೆ ಒಗ್ಗಲಿಲ್ಲ" ಎಂದರೆ ಸಾಕು. ಅದು ನಾಚಿಕೆಯ ಮಾತಲ್ಲ. ನಾಲ್ಕು ತಿಂಗಳಲ್ಲಿ ಮೂರು ಕಳೆಯುವ ಹೊತ್ತಿಗೆ ಮನಸ್ಸಿಗೆ ಬಂದದ್ದು ಸಿಗದಿದ್ದರೆ ಸಿಕ್ಕ ಮರ್ಯಾದೆಯ ಕೆಲಸ ಹಿಡಿಯಬೇಕು. ಅಂಗಡಿಯ ಲೆಕ್ಕ ಬರೆದರೂ ಸರಿ. ಬಿಡುವ ಹಕ್ಕಿನ ಜೊತೆ ಈ ಜವಾಬ್ದಾರಿಯೂ ಇದೆ ಎಂದು ಹುಡುಗನಿಗೆ ಹೇಳಿದೆವು. ಅವನು ಒಪ್ಪಿದ.

ಉಳಿದದ್ದು ನಮ್ಮ ಸರದಿ. ನಮ್ಮ ಮೊಹಲ್ಲಾದಲ್ಲಿ ಮಸೀದಿಯ ಕಮಾನಿಗೆ ಚಂದಾ ಎತ್ತುತ್ತೇವೆ, ಮದುವೆಗೆ ಎತ್ತುತ್ತೇವೆ, ಮಯ್ಯತ್‌ಗೆ ಎತ್ತುತ್ತೇವೆ. ಕೆಟ್ಟ ಕೆಲಸ ಬಿಟ್ಟುಬಂದ ಮಕ್ಕಳು ಮೂರು ತಿಂಗಳು ತಲೆಯೆತ್ತಿ ನಿಲ್ಲಲು ಒಂದು ನಿಧಿಯನ್ನು ಯಾವ ಕಮಿಟಿ ಇಟ್ಟಿದೆ? ಸಾಲವಾಗಿಯೇ ಕೊಡಿ, ಬಡ್ಡಿಯಿಲ್ಲದೆ, ಕೆಲಸ ಸಿಕ್ಕ ಮೇಲೆ ತೀರಿಸಲಿ. ಅದಾಗದಿದ್ದರೆ ಆ ಮಕ್ಕಳು ಸಾಲಕ್ಕಾಗಿ ಅದೇ ಆ್ಯಪ್‌ಗಳ ಬಾಗಿಲಿಗೆ ಹೋಗುತ್ತಾರೆ, ಮತ್ತು ಅವರ ತಾಯಿಗೆ ರಾತ್ರಿ ಒಂಬತ್ತಕ್ಕೆ ಇನ್ಯಾರದೋ ಮಗ ಫೋನ್ ಮಾಡುತ್ತಾನೆ.

ಮಾಮು ಇನ್ನೂ ಹುಡುಗನ ಜೊತೆ ಸರಿಯಾಗಿ ಮಾತಾಡಿಲ್ಲ. ಆದರೆ ಮೊನ್ನೆ ಬೈಕಿನ ಎರಡು ಕಂತು ಅವರೇ ಕಟ್ಟಿದರಂತೆ. ಬುದ್ಧಿಮಾತು ಹೇಳಲೇಬೇಕು ಎನ್ನುವವರು ಇನ್ನು ಮುಂದೆ ಕೈಯಲ್ಲಿ ಇಂಥದ್ದೇನಾದರೂ ಹಿಡಿದುಕೊಂಡು ಬರಲಿ. ಬರಿಗೈಯವರಿಗೆ ಚಹಾ ಕೊಟ್ಟು ಕಳಿಸಿದರಾಯಿತು.