ಕರೆಂಟು ಹೋದ ಹನ್ನೆರಡು ಸೆಕೆಂಡು

ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದದ್ದು ಮೊದಲು ಗೊತ್ತಾಗುವುದು ಕಣ್ಣಿಗಲ್ಲ, ಕಿವಿಗೆ. ಮನೆಗಳಲ್ಲಿ ಕಟಕಟ ಎನ್ನುತ್ತಿದ್ದ ಮಗ್ಗಗಳು ಒಮ್ಮೆಲೇ ಬಾಯಿ ಮುಚ್ಚುತ್ತವೆ. ಇಂಥದೇ ಒಂದು ಸಂಜೆ 12 ಸೆಕೆಂಡು ಕರೆಂಟು ಹೋಗಿ ಬಂತೆನ್ನಿ. ಮಗ್ಗಗಳು ಮತ್ತೆ ಶುರುವಾದವು. ಆದರೆ ಡಾ. ರಾಜ್‌ಕುಮಾರ್ ಹಾಡಿದ ಒಂದೇ ಒಂದು ಹಾಡೂ ಯಾರಿಗೂ ನೆನಪಿಲ್ಲ, ನಿಮ್ಮೊಬ್ಬರ ಹೊರತು! ಆಗ ಏನು ಮಾಡುತ್ತೀರಿ?

ಈ ಕಲ್ಪನೆ ನನ್ನದಲ್ಲ, ಸಾಲ ತಂದದ್ದು. ಡ್ಯಾನಿ ಬಾಯ್ಲ್ ನಿರ್ದೇಶಿಸಿದ ‘ಯೆಸ್ಟರ್‌ಡೇ’ ಎಂಬ ಇಂಗ್ಲಿಷ್ ಚಿತ್ರ 2019ರಲ್ಲಿ ಬಂತು. ಅದರಲ್ಲಿ ಜಗತ್ತಿಗೆಲ್ಲ 12 ಸೆಕೆಂಡು ಕರೆಂಟು ಹೋಗುತ್ತದೆ. ಅದೇ ಹೊತ್ತಿಗೆ ಜಾಕ್ ಎಂಬ ಬಡ ಹಾಡುಗಾರ ಬಸ್ಸಿಗೆ ಸಿಕ್ಕಿ ಎರಡು ಹಲ್ಲು ಕಳೆದುಕೊಳ್ಳುತ್ತಾನೆ. ಎಚ್ಚರಾದಾಗ ನೋಡಿದರೆ, ಲಿವರ್‌ಪೂಲ್‌ನ ಬೀಟಲ್ಸ್ ತಂಡದ ಹಾಡುಗಳನ್ನು ಲೋಕವೇ ಮರೆತಿದೆ! ಜಾಕ್ ಅವನ್ನು ತನ್ನವೆಂದೇ ಹಾಡಿ ರಾತ್ರೋರಾತ್ರಿ ದೊಡ್ಡ ಮನುಷ್ಯನಾಗುತ್ತಾನೆ.

ಆದರೆ ಅವನಿಗೆ ಎರಡು ಕಷ್ಟ. ಮೊದಲನೆಯದು, ಬಾಯಿಗೆ ಬರುವ ಹಾಡು ಬರೆಯಲು ಕೂತರೆ ಪೂರ್ತಿ ಬರುವುದಿಲ್ಲ. ಒಂದು ಹಾಡಿನ ಸಾಲು ಹುಡುಕಿಕೊಂಡು ಅವನು ಲಿವರ್‌ಪೂಲ್‌ಗೇ ಹೋಗಬೇಕಾಗುತ್ತದೆ. ಎರಡನೆಯದು, ಚಪ್ಪಾಳೆ ಹೆಚ್ಚಿದಷ್ಟೂ ನಿದ್ದೆ ಕಡಿಮೆ. ಕೊನೆಗೆ ವೆಂಬ್ಲಿ ಕ್ರೀಡಾಂಗಣದಲ್ಲಿ ಸಾವಿರಾರು ಜನರ ಮುಂದೆ, ‘ಇವು ನಾನು ಬರೆದವಲ್ಲ’ ಎಂದು ಒಪ್ಪಿಕೊಂಡು, ನಿಜವಾಗಿ ಬರೆದವರ ಹೆಸರು ಹೇಳುತ್ತಾನೆ. ಆಮೇಲೆ ಶಾಲಾ ಮೇಷ್ಟ್ರಾಗಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾ ನೆಮ್ಮದಿಯಾಗಿರುತ್ತಾನೆ.

ಈಗ ನಮ್ಮ ಊರಿಗೆ ಬರೋಣ. ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವ ಹಾಡು ಯಾರಿಗೆ ಗೊತ್ತಿಲ್ಲ? ಚಿತ್ರ ಬಂದದ್ದು 1974ರಲ್ಲಿ. ಆಗಿನ್ನೂ ಹುಟ್ಟಿರದಿದ್ದವರೂ ಗುನುಗುತ್ತಾರೆ. ಆದರೆ ಪಲ್ಲವಿ ದಾಟಿ ಎರಡನೆಯ ಚರಣ ಹೇಳಿ ನೋಡೋಣ! ಬರೆದವರು ಯಾರು ಎಂದರೆ ತರಗತಿಯಲ್ಲಿ ಎಷ್ಟು ಕೈ ಮೇಲೇಳುತ್ತವೆ? ಬರೆದವರು ಚಿ. ಉದಯಶಂಕರ್, ಸಂಗೀತ ಕೊಟ್ಟವರು ಜಿ.ಕೆ. ವೆಂಕಟೇಶ್. ಹಾಡು ಉಳಿದಿದೆ, ಈ ಹೆಸರುಗಳು ಮಾತ್ರ ಮೆಲ್ಲಗೆ ಜಾರಿಹೋಗುತ್ತಿವೆ. ಅದಕ್ಕೆ ಕರೆಂಟು ಹೋಗಬೇಕಾಗಿಯೇ ಇಲ್ಲ.

ಮಕ್ಕಳೇ, ಪಕ್ಕದವನ ಉತ್ತರ ನೋಡಿ ಬರೆದು ಅಂಕ ಗಳಿಸಿದವನಿಗೂ ಜಾಕ್‌ನ ಪಾಡೇ. ಮೇಷ್ಟ್ರು ಬೆನ್ನು ತಟ್ಟಿದರೆ ಬೆನ್ನು ಚುರುಕ್ಕೆನ್ನುತ್ತದೆ, ಅಲ್ಲವೇ?

ಈ ಭಾನುವಾರ ಒಂದು ಆಟ ಆಡಿ. ಮೊಬೈಲ್ ಪಕ್ಕಕ್ಕಿಡಿ. ಅಪ್ಪ, ಅಮ್ಮ, ಅಜ್ಜಿ ಒಬ್ಬೊಬ್ಬರೂ ತಮಗೆ ಬರುವ ಒಂದು ಹಾಡನ್ನು ಪೂರ್ತಿ ಹೇಳಲಿ, ನೀವು ಬರೆದುಕೊಳ್ಳಿ. ತಪ್ಪಿದ ಸಾಲನ್ನು ಎಲ್ಲರೂ ಸೇರಿ ಹುಡುಕಿ. ಕೆಳಗೆ ಬರೆದವರ, ಸಂಗೀತ ಕೊಟ್ಟವರ, ಹಾಡಿದವರ ಹೆಸರು ಇರಲಿ. ಮುಂದೊಂದು ಸಂಜೆ ಮಗ್ಗಗಳು ಸುಮ್ಮನಾದಾಗ ಆ ಪುಸ್ತಕ ನೋಡದೆಯೇ ಹಾಡುವಿರಂತೆ.