ಗುಮ್ಮಟ ಕಟ್ಟಿದವರಿಗೇ ಟಿಕೇಟೇ?

ವಿಜಯಪುರದ ಗೋಲಗುಮ್ಮಟದಲ್ಲಿ ಮಲಗಿರುವವನು ಮಹಮ್ಮದ್ ಆದಿಲಶಾಹ. ಅದರ ಕಲ್ಲು ಹೊತ್ತವರು ಹೆಸರಿಲ್ಲದ ಕೂಲಿಕಾರರು. ಇಂದು ದುಡಿಯುವವನು ಅದನ್ನು ನೋಡಬೇಕಾದರೆ, 2018ರಲ್ಲಿ ಗೊತ್ತುಮಾಡಿದ ದರದಂತೆ, ತಲೆಗೆ 25 ರೂಪಾಯಿ ನಗದು ತೆರಬೇಕು. ಹದಿನೈದರೊಳಗಿನ ಮಕ್ಕಳಿಗೆ ಮಾಫಿಯಿದೆ, ನಿಜ. ಬಾರಾ ಕಮಾನಿಗೆ ಟಿಕೇಟೇ ಇಲ್ಲ. ಆದರೆ ಗಿರಣಿಯವನೊಬ್ಬ ಬಸ್ಸಿನ ಖರ್ಚು ಹೊತ್ತು, ಹೆಂಡತಿ, ಮುದಿ ತಾಯಿಯೊಡನೆ ಗುಮ್ಮಟಕ್ಕೆ ಬಂದರೆ ಬಾಗಿಲಲ್ಲೇ 75 ರೂಪಾಯಿ!

2025ರ ಏಪ್ರಿಲ್ 18, ವಿಶ್ವ ಪರಂಪರೆಯ ದಿನ. ಅಂದು ಕೇಂದ್ರ ಪುರಾತತ್ವ ಇಲಾಖೆ ಪ್ರವೇಶ ಶುಲ್ಕ ಬಿಟ್ಟಿತು. ಬೊಕ್ಕಸವೇನೂ ಮುಳುಗಲಿಲ್ಲ. ಹಾಗಾದರೆ ಗಿರಣಿಗೂ ಪೇಟೆಗೂ ಬಿಡುವಿರುವ ದಿನ, ತಿಂಗಳಿಗೊಂದು ಭಾನುವಾರವಾದರೂ, ಏಕೆ ಬಿಡಬಾರದು? ಗುಮ್ಮಟದ ಕಾವಲಿಗೂ ದುರಸ್ತಿಗೂ ನಾವು ತೆರಿಗೆಯಲ್ಲಿ ಆಗಲೇ ಕೊಟ್ಟಿದ್ದೇವೆ. ಬಂಧುಗಳೇ, ಇದನ್ನು ಹಕ್ಕೆಂದೇ ಕೇಳೋಣ.